ಊದಿನಕಡ್ಡಿಯ 'ಊದು' ಎಲ್ಲಿಂದ ಬಂತು? – ಓದುಗರ ಪ್ರಶ್ನೆಗಳಿಗೆ ಉತ್ತರ

ಪರಿಮಳಕ್ಕೆ ಸಂಬಂಧಿಸಿದ ಪದಗಳನ್ನು ಕುರಿತು ಸಂದೇಹಗಳಿದ್ದರೆ ಬರೆಯಿರಿ ಎಂದು ಈ ಅಂಕಣದಲ್ಲಿ ಕೇಳಿಕೊಂಡಿದ್ದೆ. ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಬೇರೆ ಬೇರೆ ಮಾತುಗಳಲ್ಲಿ ಒಂದೇ ಪ್ರಶ್ನೆಯನ್ನು ಕೇಳುತ್ತವೆ: ನಮ್ಮ ಮನೆಯಲ್ಲಿ ಆಡುವ ಮಾತು ತಪ್ಪೇ, ಪುಸ್ತಕದಲ್ಲಿ ಅಚ್ಚಾದದ್ದು ಮಾತ್ರ ಸರಿಯೇ? ಕನ್ನಡದ ಜೊತೆಗೆ ಉರ್ದು, ತೆಲುಗು, ಮರಾಠಿ ಮೂರೂ ದಿನವೂ ಕಿವಿಗೆ ಬೀಳುವ ಸೀಮೆ ನಮ್ಮದಾದ್ದರಿಂದ ಈ ಅಳುಕು ಸಹಜವಾದದ್ದು. ಆದರೆ ಪತ್ರಗಳನ್ನು ಓದುತ್ತ ಹೋದಂತೆ, ಮನೆಮಾತನ್ನು ಕುರಿತು ಅಳುಕಬೇಕಾದ ಕಾರಣ ಬಹುಪಾಲು ಸಂದರ್ಭಗಳಲ್ಲಿ ಇಲ್ಲವೆಂಬುದು ನನಗೆ ಇನ್ನಷ್ಟು ಗಟ್ಟಿಯಾಯಿತು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾವು ಮೊದಲಿನಿಂದಲೂ 'ಊದಿನಕಡ್ಡಿ' ಎನ್ನುತ್ತೇವೆ. ಬೆಂಗಳೂರಿನಲ್ಲಿ ಇರುವ ನಮ್ಮ ಅಳಿಯಂದಿರು 'ಊದುಬತ್ತಿ' ಎನ್ನುತ್ತಾರೆ. ಅಂಗಡಿಯಿಂದ ತಂದ ಪೊಟ್ಟಣದ ಮೇಲೆ 'ಅಗರಬತ್ತಿ' ಎಂದಿರುತ್ತದೆ. ಉರಿಯನ್ನು ಬಾಯಿಂದ ಊದಿ ಆರಿಸುವುದರಿಂದ ಆ ಹೆಸರು ಬಂತು ಎಂದು ಮಗಳಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಇದು ನಿಜವೇ, ಮತ್ತು ಮೂರರಲ್ಲಿ ಯಾವುದು ಸರಿ? – ಬ್ರಹ್ಮಪುರ, ಕಲಬುರಗಿಯ ಓದುಗರು

ಉತ್ತರ: ಮೂರೂ ಸರಿ. ಅಷ್ಟೇ ಅಲ್ಲ, ಮೂರರ ಅರ್ಥವೂ ಒಂದೇ. ಬಾಯಿಂದ ಊದುವ ಕ್ರಿಯೆಗೂ ಈ ಹೆಸರಿಗೂ ಸಂಬಂಧವಿಲ್ಲ. ಹಾಗೆ ನೋಡಿದರೆ ದೇವರ ಮುಂದೆ ಹಚ್ಚುವ ಕಡ್ಡಿಯನ್ನು ಬಾಯಿಂದ ಊದಬಾರದು, ಕೈ ಬೀಸಿ ಆರಿಸಬೇಕು ಎಂದು ಹಿರಿಯರು ಮಕ್ಕಳನ್ನು ಗದರಿಸುವುದನ್ನು ನಾವೆಲ್ಲ ಕೇಳಿಯೇ ಬೆಳೆದಿದ್ದೇವೆ.

ಅರಬ್ಬಿಯಲ್ಲಿ 'ಊದ್' ಎಂದರೆ ಮರ, ಕಟ್ಟಿಗೆ. ಸುಗಂಧದ ವ್ಯಾಪಾರದಲ್ಲಿ ಆ ಪದ ಒಂದೇ ಒಂದು ಮರಕ್ಕೆ ಮೀಸಲಾಯಿತು, ಅದು ಅಗರು. ನಮ್ಮ ದೇಶದಲ್ಲಿ ಅಗರು ಮುಖ್ಯವಾಗಿ ಅಸ್ಸಾಂ ಮತ್ತು ಈಶಾನ್ಯದ ಕಾಡುಗಳ ಮರ. ಆರೋಗ್ಯವಾಗಿರುವ ಅಗರು ಮರದ ಕಟ್ಟಿಗೆ ಬಿಳಿಚಾಗಿ, ಹಗುರವಾಗಿ, ವಾಸನೆಯೇ ಇಲ್ಲದಂತೆ ಇರುತ್ತದೆ. ಮರಕ್ಕೆ ಗಾಯವಾಗಿ, ಅಲ್ಲಿ ಬೂಷ್ಟು ಸೇರಿಕೊಂಡಾಗ ಅದನ್ನು ತಡೆಯಲು ಮರ ಒಂದು ಬಗೆಯ ಅಂಟನ್ನು ಒಸರಿಸುತ್ತದೆ. ವರ್ಷಗಳ ಕಾಲ ಆ ಅಂಟನ್ನು ಕುಡಿದ ಭಾಗ ಕಪ್ಪಾಗಿ, ತೂಕವಾಗಿ, ಉತ್ತಮ ತುಂಡಾದರೆ ನೀರಿನಲ್ಲಿ ಮುಳುಗುವಷ್ಟು ಭಾರವಾಗುತ್ತದೆ. ಆ ಕಪ್ಪು ಕಟ್ಟಿಗೆಯೇ ಸಂಸ್ಕೃತದ ಅಗರು, ಅರಬ್ಬಿಯ ಊದ್. ಇನ್ನು 'ಬತ್ತಿ' ಸಂಸ್ಕೃತದ 'ವರ್ತಿ'ಯಿಂದ ಬಂದದ್ದು. ಧೂಪವರ್ತಿ ಎಂಬ ಹಳೆಯ ಮಾತೇ ಇದೆ. ಹೀಗಾಗಿ ಅಗರಬತ್ತಿ ಎಂದರೂ ಊದುಬತ್ತಿ ಎಂದರೂ ಅಗರುವಿನ ಬತ್ತಿ ಎಂದೇ ಅರ್ಥ. ಒಂದು ಸಂಸ್ಕೃತದ ದಾರಿಯಿಂದ ಬಂತು, ಇನ್ನೊಂದು ಅರಬ್ಬಿಯ ದಾರಿಯಿಂದ ಬಂತು.

ಇಲ್ಲಿ ನಮ್ಮ ಭಾಗದ ರೂಪವನ್ನು ಕುರಿತು ಒಂದು ಮಾತನ್ನು ಒತ್ತಿ ಹೇಳಬೇಕು. 'ಊದುಬತ್ತಿ' ಎಂಬ ರೂಪವನ್ನು ಮಾತ್ರ ನೋಡಿದವರಿಗೆ 'ಊದು' ಎಂಬುದು ಕ್ರಿಯಾಪದವಿರಬಹುದು ಎಂಬ ಭ್ರಮೆ ಬರಲು ಅವಕಾಶವಿದೆ. 'ಊದಿನಕಡ್ಡಿ'ಯಲ್ಲಿ ಆ ಅವಕಾಶವೇ ಇಲ್ಲ. ಕ್ರಿಯಾಪದವಾಗಿದ್ದರೆ ಅದು 'ಊದುವ ಕಡ್ಡಿ' ಆಗಬೇಕಿತ್ತು. 'ಊದಿನ' ಎಂದು ಷಷ್ಠೀ ವಿಭಕ್ತಿ ಹತ್ತಿರುವುದರಿಂದಲೇ ಊದು ಎಂಬುದು ಒಂದು ವಸ್ತುವಿನ ಹೆಸರು ಎಂದು ತಿಳಿಯುತ್ತದೆ. ಗಂಧದ ಕೊರಡು, ಬೆಲ್ಲದ ಪಾಕ, ಊದಿನ ಕಡ್ಡಿ – ಎಲ್ಲವೂ ಒಂದೇ ಬಗೆಯ ಕಟ್ಟಣೆ. ಉತ್ತರ ಕರ್ನಾಟಕದ ಮನೆಮಾತು ಪದದ ಹುಟ್ಟನ್ನು ಇಷ್ಟು ಸ್ವಚ್ಛವಾಗಿ ಉಳಿಸಿಕೊಂಡಿರುವಾಗ ತಾವು ಅಳಿಯಂದಿರ ಮುಂದೆ ಸಂಕೋಚಪಡಬೇಕಾಗಿಲ್ಲ.

ಈಗಿನ ಕಡ್ಡಿಗಳಲ್ಲಿ ಅಗರು ಇರುವುದು ಅಪರೂಪ, ಅದು ಬಹಳ ದುಬಾರಿಯ ವಸ್ತು. ಇದ್ದಿಲ ಪುಡಿ, ಕಟ್ಟಿಗೆಯ ಹೊಟ್ಟು, ಅಂಟಿಸಲು ಗುಲಮಾವಿನ ತೊಗಟೆಯಿಂದ ಮಾಡಿದ ಜಿಗಟು, ಮೇಲೆ ಸುಗಂಧದ ಎಣ್ಣೆ – ಸಾಮಾನ್ಯ ಕಡ್ಡಿಯಲ್ಲಿ ಇರುವುದು ಇವು. ಹಳೆಯ ಪದ್ಧತಿಯ ಮಸಾಲೆ ಕಡ್ಡಿಗಳಿಗೆ ಹಾಲುಮಡ್ಡಿಯನ್ನು ಸೇರಿಸುತ್ತಾರೆ. ಮರದಿಂದ ಹಾಲಿನಂತೆ ಒಸರಿ ಬರುವ ಮಡ್ಡಿಯಾದ್ದರಿಂದ ಅದು ಹಾಲುಮಡ್ಡಿ; ಈ ಅಚ್ಚ ಕನ್ನಡ ಪದವನ್ನೇ ಈಗ ಯುರೋಪು, ಅಮೆರಿಕಗಳಲ್ಲಿ ಧೂಪದ ವ್ಯಾಪಾರಿಗಳು ಹಾಗೆಯೇ ಬಳಸುತ್ತಾರೆ ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ.

ಪ್ರಶ್ನೆ: ಗುರುವಾರ ಸಂಜೆ ಅಂಗಡಿಗಳಿಗೆ ಹಾಕುವ ಲೋಬಾನ, ಕೂಸಿಗೆ ನೀರೆರೆದ ಮೇಲೆ ಹಾಕುವ ಸಾಂಬ್ರಾಣಿ, ಮದುವೆಯಲ್ಲಿ ಬರುವ ಗುಗ್ಗಳ – ಇವೆಲ್ಲ ಒಂದೇ ವಸ್ತುವೇ? – ಚಿಂಚೋಳಿಯ ಓದುಗರು

ಉತ್ತರ: ಲೋಬಾನ ಮತ್ತು ಸಾಂಬ್ರಾಣಿ ಎಂದು ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕೊಡುವುದು ಒಂದೇ ಮಡ್ಡಿ. ಗುಗ್ಗುಳ ಬೇರೆ.

ಅರಬ್ಬಿಯ 'ಲುಬಾನ್' ಎಂಬ ಪದ ಬಿಳುಪನ್ನೂ ಹಾಲನ್ನೂ ಸೂಚಿಸುವ ಧಾತುವಿನಿಂದ ಬಂದಿದೆ. ಮೊದಲು ಅದು ಒಮಾನ್, ಯೆಮನ್, ಸೊಮಾಲಿಯಾಗಳಲ್ಲಿ ಬೆಳೆಯುವ ಮರದ ಮಡ್ಡಿಗೆ ಇದ್ದ ಹೆಸರು. ಸುಮಾತ್ರಾ ದ್ವೀಪದಿಂದ ಇನ್ನೊಂದು ಬಗೆಯ ಮಡ್ಡಿ ಹಡಗುಗಳಲ್ಲಿ ಬರಲು ಆರಂಭವಾದಾಗ ಅರಬ್ಬಿ ವ್ಯಾಪಾರಿಗಳು ಅದನ್ನು 'ಲುಬಾನ್ ಜಾವಿ', ಅಂದರೆ ಜಾವಾ ಕಡೆಯ ಲೋಬಾನ, ಎಂದು ಕರೆದರು. ಆ ಹೆಸರು ಯುರೋಪಿನವರ ಬಾಯಲ್ಲಿ ಮೊದಲ ಅಕ್ಷರವನ್ನು ಕಳೆದುಕೊಂಡು 'ಬೆಂಜಾಯಿನ್', 'ಬೆಂಜೋಯಿನ್' ಆಯಿತು. ಆ ಮಡ್ಡಿಯಿಂದ ತೆಗೆದ ಆಮ್ಲಕ್ಕೆ ಬೆಂಜೋಯಿಕ್ ಆಮ್ಲ ಎಂದೂ ಅದರಿಂದ ಮುಂದೆ ಪಡೆದ ದ್ರವಕ್ಕೆ ಬೆಂಜೀನ್ ಎಂದೂ ಹೆಸರಾಯಿತು. ಪಿಯುಸಿಯ ರಸಾಯನಶಾಸ್ತ್ರದ ಪುಸ್ತಕದಲ್ಲಿ ಬೆಂಜೀನಿನ ಷಟ್ಕೋನವನ್ನು ಬರೆಯುವ ಚಿಂಚೋಳಿಯ ವಿದ್ಯಾರ್ಥಿ, ಗುರುವಾರದ ಸಂಜೆ ನವಿಲುಗರಿ ಹಿಡಿದು ಬರುವ ಫಕೀರರ ಲೋಬಾನದ ಹೆಸರನ್ನೇ ಬರೆಯುತ್ತಿರುತ್ತಾನೆ.

ಗುಗ್ಗುಳ ರಾಜಸ್ಥಾನ, ಗುಜರಾತಿನ ಒಣನೆಲಗಳಲ್ಲಿ ಬೆಳೆಯುವ ಮುಳ್ಳಿನ ಗಿಡದ ಮಡ್ಡಿ. ನಮ್ಮಲ್ಲಿ ವೀರಭದ್ರ ದೇವರ ಒಕ್ಕಲಿನ ಮನೆಗಳಲ್ಲಿ ಶುಭಕಾರ್ಯಕ್ಕೆ ಮುನ್ನ, ಹೊಸ ಗಡಿಗೆಯಲ್ಲಿ ಕೆಂಡವಿಟ್ಟು ಗುಗ್ಗುಳದ ಹೊಗೆ ಹಾಕಿ, ಪುರವಂತರು ಒಡಪು ಹೇಳುತ್ತ ಮೆರವಣಿಗೆ ಹೊರಡಿಸುತ್ತಾರಷ್ಟೆ. ಆ ಮಡ್ಡಿಯ ಹೆಸರೇ ಇಡೀ ಆಚರಣೆಗೆ 'ಗುಗ್ಗಳ' ಎಂದು ಸಂದಿದೆ. ಈಗ ಬಹಳ ಕಡೆ ಗಡಿಗೆಯಲ್ಲಿ ಬೇರೆ ಧೂಪವನ್ನೇ ಹಾಕಿದರೂ ಹೆಸರು ಮಾತ್ರ ಉಳಿದಿದೆ. ಹೊಗೆಯೇ ಸುಗಂಧಕ್ಕೆ ಮೂಲವೆಂಬ ತಿಳಿವಳಿಕೆ ನಮ್ಮದು ಮಾತ್ರವಲ್ಲ. 'ಪರ್ಫ್ಯೂಮ್' ಎಂಬ ಪದವೂ ಲ್ಯಾಟಿನ್ನಿನ 'ಹೊಗೆಯ ಮೂಲಕ' ಎಂಬ ಅರ್ಥದ ಮಾತಿನಿಂದಲೇ ಬಂದಿದೆ.

ಪ್ರಶ್ನೆ: ಮೊಮ್ಮಗ ಗಟ್ಟಿಯಾಗಿ ಪಾಠ ಓದುವಾಗ 'ಮಲ್ಲಿಗೆಯ ಕಂಪು' ಎಂದಾಗ ನಾರಾಯಣಪೇಟೆ ಕಡೆಯಿಂದ ಬಂದ ನಮ್ಮ ಸೊಸೆಗೆ ನಗು ತಡೆಯಲಾಗಲಿಲ್ಲ. ಅವರ ಮನೆಮಾತು ತೆಲುಗು. ಅಲ್ಲಿ ಕಂಪು ಎಂದರೆ ಕೆಟ್ಟ ವಾಸನೆಯಂತೆ. ಒಂದೇ ಪದಕ್ಕೆ ತದ್ವಿರುದ್ಧವಾದ ಎರಡು ಅರ್ಥಗಳು ಹೇಗೆ ಬಂದವು? – ಗುರುಮಠಕಲ್‌ನ ಓದುಗರು

ಉತ್ತರ: ತಮ್ಮ ಸೊಸೆ ಹೇಳಿದ್ದು ನಿಜ. ಈ ಪತ್ರವನ್ನು ಓದಿ ನನಗೆ ಬಹಳ ಖುಷಿಯಾಯಿತು, ಏಕೆಂದರೆ ಇಂಥ ಪ್ರಶ್ನೆ ಗಡಿಯ ಊರಿನಲ್ಲಿ ಮಾತ್ರ ಹುಟ್ಟಲು ಸಾಧ್ಯ.

ಕನ್ನಡದ ಕಂಪು, ತೆಲುಗಿನ ಕಂಪು ಎರಡೂ ಒಂದೇ ಬೇರಿನ ಪದಗಳು. ಹಳಗನ್ನಡದಲ್ಲಿ 'ಕಮ್ಮನೆ' ಎಂದರೆ ಸುವಾಸನೆಯಿಂದ ಕೂಡಿದ್ದು. ಸುಗಂಧ ಹೊತ್ತ ಗಾಳಿಯನ್ನು 'ಕಮ್ಮೆಲರ್' ಎನ್ನುತ್ತಿದ್ದರು. ತಮಿಳಿನಲ್ಲಿ 'ಕಮಳ್' ಎಂದರೆ ಪರಿಮಳ ಬೀರು ಎಂದರ್ಥ. ತೆಲುಗಿನಲ್ಲಿಯೂ ಒಳ್ಳೆಯ ಅರ್ಥ ಪೂರ್ತಿ ಅಳಿದಿಲ್ಲ. ಸವಿಯಾದ, ಹಿತವಾದ ವಸ್ತುವಿಗೆ 'ಕಮ್ಮನಿ' ಎಂದು ಅವರು ಇಂದಿಗೂ ಹೇಳುತ್ತಾರೆ. ಆ ಕುಟುಂಬದ ಒಂದು ಪದ ಮಾತ್ರ ಅಲ್ಲಿ ಕೆಟ್ಟ ಅರ್ಥಕ್ಕೆ ಜಾರಿತು, ಕನ್ನಡದಲ್ಲಿ ಜಾರಲಿಲ್ಲ.

ಆದರೆ ಇದನ್ನು ಹೇಳಿ ಸೊಸೆಯನ್ನು ತಿದ್ದುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಇಂದು ನಾವು 'ನಾರುತ್ತಿದೆ' ಎಂದರೆ ಮೂಗು ಮುಚ್ಚಿಕೊಳ್ಳುವಂಥದ್ದು, 'ನಾತ' ಎಂದರೆ ಚರಂಡಿಯದ್ದು. ಹಳಗನ್ನಡದಲ್ಲಿ ಈ ಕ್ರಿಯಾಪದವನ್ನು ಈಗ ಬಳಕೆಯಲ್ಲಿಲ್ಲದ ಶಕಟರೇಫೆಯಿಂದ 'ನಾಱು' ಎಂದು ಬರೆಯುತ್ತಿದ್ದರು, ಮತ್ತು ಆಗ ಅದಕ್ಕೆ ಒಳ್ಳೆಯ ವಾಸನೆ ಬೀರು ಎಂಬ ಅರ್ಥವೂ ಇತ್ತು. ಇದರ ಒಡಹುಟ್ಟಿದ ಪದವೇ 'ನಱು'. ನರುಗಂಪು ಎಂಬ ಸಮಾಸದಲ್ಲಿ ಅದು ಇನ್ನೂ ತನ್ನ ಒಳ್ಳೆಯ ಅರ್ಥದೊಡನೆ ಬದುಕಿದೆ. ತಮಿಳಿನ 'ನಾಱ್ಱಂ' ಕೂಡ ಹಳೆಯ ಕಾವ್ಯಗಳಲ್ಲಿ ಹೂವಿನ ಸುಗಂಧವಾಗಿದ್ದು, ಈಗಿನ ಮಾತಿನಲ್ಲಿ ದುರ್ನಾತವಾಗಿದೆ. (ಹೂವು ಕಟ್ಟುವ ನಾರು ಬೇರೆ ಪದ, ಇದರೊಂದಿಗೆ ಅದನ್ನು ಸೇರಿಸಬಾರದು.) ಬೀದರ್ ಕಡೆ ಕಿವಿಗೆ ಬೀಳುವ ಮರಾಠಿಯ 'ಘಾಣ್' ಎಂಬುದು ಹೊಲಸು ವಾಸನೆಗೆ ಹೇಳುವ ಮಾತು; ಅದರ ಹಿಂದಿರುವ ಸಂಸ್ಕೃತದ 'ಘ್ರಾಣ'ಕ್ಕೆ ಮೂಸುವುದು ಎಂದಷ್ಟೇ ಅರ್ಥ.

ಸಂಸ್ಕೃತದಿಂದ ಬಂದ 'ವಾಸನೆ'ಯ ಪಾಡನ್ನೂ ಗಮನಿಸಿ. ಮೂಲದಲ್ಲಿ ಅದು ಸುಗಂಧವನ್ನು ಹಿಡಿಸುವುದು ಎಂಬ ಅರ್ಥದ ಪದ. ಈಗ ಯಾರಾದರೂ ಅಡುಗೆಮನೆಗೆ ಬಂದು 'ಏನೋ ವಾಸನಿ ಬರ್ಲಿಕತ್ತದ' ಎಂದರೆ ಒಳಗಿದ್ದವರು ಮೊದಲು ಹಾಲು ಒಡೆಯಿತೇ ಎಂದು ನೋಡುತ್ತಾರೆ. ಒಳ್ಳೆಯದನ್ನು ಹೇಳಬೇಕಾದರೆ ಹಿಂದೆ 'ಸು' ಹಚ್ಚಲೇಬೇಕಾಗಿದೆ. ಉರ್ದುವಿನಲ್ಲಿಯೂ ಹಾಗೆಯೇ, ಫಾರಸಿಯ 'ಬೂ' ಎಂದರೆ ವಾಸನೆ, ಒಳ್ಳೆಯದಾದರೆ ಖುಷ್‌ಬೂ, ಕೆಟ್ಟದ್ದಾದರೆ ಬದ್‌ಬೂ, ಏನನ್ನೂ ಹಚ್ಚದೆ ಬರಿದೆ 'ಬೂ' ಎಂದರೆ ಬಹುಮಟ್ಟಿಗೆ ಕೆಟ್ಟದ್ದೇ. ಮೂಗು ಎಚ್ಚರಗೊಳ್ಳುವುದು ಕೆಟ್ಟ ವಾಸನೆಗೇ ಹೆಚ್ಚು. ಒಂದು ಪದವನ್ನು ನಾವು ದೂರು ಹೇಳುವಾಗಲೇ ಮತ್ತೆ ಮತ್ತೆ ಬಳಸಿದರೆ ಆ ದೂರು ಪದಕ್ಕೇ ಅಂಟಿಕೊಳ್ಳುತ್ತದೆ. ಸೊಸೆಗೆ ಇದನ್ನು ವಿವರಿಸುವಾಗ ಅವರ ಕಂಪು ಕೆಟ್ಟದ್ದು, ನಮ್ಮ ಕಂಪು ಒಳ್ಳೆಯದು ಎಂದು ಹೇಳದೆ, ನಮ್ಮ ನಾತವೂ ಒಂದು ಕಾಲಕ್ಕೆ ಹೂವಿನದಾಗಿತ್ತು ಎಂದು ಹೇಳಿ.

ಪ್ರಶ್ನೆ: ಕಂಪು, ಪರಿಮಳ, ಸೌರಭ, ಆಮೋದ, ಘಮ – ಇವುಗಳಲ್ಲಿ ವ್ಯತ್ಯಾಸವಿದೆಯೇ, ಇಲ್ಲವೇ ಪ್ರಾಸಕ್ಕೆ ತಕ್ಕಂತೆ ಯಾವುದನ್ನಾದರೂ ಬಳಸಬಹುದೇ? – ಬಸವಕಲ್ಯಾಣದ ಶಿಕ್ಷಕರೊಬ್ಬರು

ಉತ್ತರ: ವ್ಯತ್ಯಾಸವಿದೆ, ಮತ್ತು ಅದನ್ನು ಕಾಯ್ದುಕೊಳ್ಳುವುದು ತಮ್ಮಂಥ ಶಿಕ್ಷಕರಿಂದಲೇ ಆಗಬೇಕು. ಅಮರಕೋಶವು ಪರಿಮಳವನ್ನು 'ವಿಮರ್ದೋತ್ಥ' ಎಂದು ಹೇಳುತ್ತದೆ: ತಿಕ್ಕಿದಾಗ, ಹೊಸಕಿದಾಗ ಎದ್ದು ಬರುವ, ಜನರ ಮನಸ್ಸನ್ನು ಸೆಳೆಯುವ ಗಂಧ. ಸಾಣೆಕಲ್ಲಿನ ಮೇಲೆ ಗಂಧದ ಕೊರಡನ್ನು ತೇಯುವಾಗ ಬರುವುದು, ದವನದ ಎಸಳನ್ನು ಬೆರಳಲ್ಲಿ ಹಿಸುಕಿದಾಗ ಬರುವುದು ಈ ಅರ್ಥದ ನಿಜವಾದ ಪರಿಮಳ. ಬಹು ದೂರದವರೆಗೆ ಹರಡುವುದು ಆಮೋದ. ಬೀದಿಯ ತಿರುವಿನಲ್ಲಿಯೇ ಸಂಪಿಗೆಯ ಮರವಿದೆ ಎಂದು ತಿಳಿಯುವುದು ಆಮೋದದಿಂದ. ಮೂಗನ್ನು ತಣಿಸುವುದು ಸುರಭಿ, ಅದರ ಭಾವವೇ ಸೌರಭ. ಹಸಿ ಮಾಂಸದ ವಾಸನೆಗೆ 'ವಿಸ್ರ' ಎಂಬ ಪ್ರತ್ಯೇಕ ಪದವನ್ನು ಕೂಡ ಆ ಕೋಶ ಕೊಡುತ್ತದೆ.

ಕನ್ನಡಕ್ಕೆ ಬಂದ ಮೇಲೆ ಪರಿಮಳದ ಅರ್ಥ ಹಿಗ್ಗಿತು. ತಮ್ಮ ಊರಿನಲ್ಲಿಯೇ, ಆಗಿನ ಕಲ್ಯಾಣದಲ್ಲಿ, ಬಸವಣ್ಣನವರು ಬಳಸಿದ 'ನನೆಯೊಳಗಣ ಪರಿಮಳ' ಎಂಬ ಮಾತನ್ನು ನೆನೆಯಿರಿ. ನನೆ ಎಂದರೆ ಮೊಗ್ಗು. ಹೊಸಕಿದಾಗ ಹೊರಬರುವುದು ಎಂದು ಕೋಶ ಹೇಳಿದ ಪರಿಮಳವನ್ನು ಅವರು ಇನ್ನೂ ಹೊರಬರದೆ, ಯಾರ ಮೂಗಿಗೂ ತಾಗದೆ, ಇದ್ದೂ ಇಲ್ಲದಂತಿರುವ ಸ್ಥಿತಿಗೆ ತಂದಿಟ್ಟರು. ಅದೇ ಊರಿನಲ್ಲಿ ಅವರಿಗಿಂತ ಸ್ವಲ್ಪ ಮೊದಲು, 1126ರಿಂದ 1138ರವರೆಗೆ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 'ಮಾನಸೋಲ್ಲಾಸ'ದಲ್ಲಿ ಅರಸನ ಭೋಗಗಳನ್ನು ಹೇಳುವಾಗ ಮೈಗೆ ಬಳಿಯುವ ವಿಲೇಪನಕ್ಕೂ ಧೂಪಕ್ಕೂ ತಾಂಬೂಲಕ್ಕೂ ಬೇರೆ ಬೇರೆ ಅಧ್ಯಾಯಗಳೇ ಇವೆ. ಒಂದೇ ನೆಲದಲ್ಲಿ, ಒಂದೇ ಶತಮಾನದಲ್ಲಿ, ಅರಮನೆಯ ಸುಗಂಧ ಮತ್ತು ಅನುಭವಮಂಟಪದ ಪರಿಮಳ ಎರಡನ್ನೂ ಕಂಡ ಊರಿನ ಮಕ್ಕಳಿಗೆ ತಾವು ಪಾಠ ಹೇಳುತ್ತಿದ್ದೀರಿ.

'ಘಮ' ಅನುಕರಣ ಪದ, ಅಡುಗೆಮನೆಯ ಮಾತು. ಪುಂಡಿಪಲ್ಯಕ್ಕೆ ಬೆಳ್ಳುಳ್ಳಿಯ ಒಗ್ಗರಣೆ ಬಿದ್ದಾಗ 'ಘಮ್ ಅಂತದ' ಎನ್ನುವುದಕ್ಕೆ ಬದಲಾಗಿ 'ಸೌರಭ ಬೀರುತ್ತಿದೆ' ಎಂದರೆ ಪದವೂ ಕೆಡುತ್ತದೆ, ಪಲ್ಯವೂ ಕೆಡುತ್ತದೆ. ಅಡುಗೆಮನೆಯವರು ಇನ್ನೂ ಎಷ್ಟೋ ಭೇದಗಳನ್ನು ಬಲ್ಲರು: ಮೆಣಸಿನಕಾಯಿ ಹುರಿದಾಗ ಘಾಟು, ಹಳೆಯ ಎಣ್ಣೆಯದು ಕಮಟು, ಗಾಳಿಯಾಡದ ಜೋಳದ ಚೀಲದ್ದು ಮುಗ್ಗು, ತಳ ಹಿಡಿದ ಅನ್ನದ್ದು ಸೀದ ವಾಸನೆ, ಬೇಯದ ಹಿಟ್ಟಿನದು ಹಸಿ ವಾಸನೆ. ಸಾಬೂನಿನ ಹೊದಿಕೆಯಿಂದ ಹಿಡಿದು ಅಕ್ಕಿಯ ಚೀಲದವರೆಗೆ ಎಲ್ಲದರ ಮೇಲೆಯೂ 'ಸುವಾಸನೆಭರಿತ' ಎಂಬ ಒಂದೇ ಪದವನ್ನು ಅಚ್ಚು ಹಾಕುವ ಈ ಕಾಲದಲ್ಲಿ, ಮಕ್ಕಳಿಗೆ ಈ ಪದಗಳನ್ನು ಮನೆಯಿಂದ ಬರೆದು ತರಲು ಹೇಳಿದರೆ ಒಳ್ಳೆಯ ಪಾಠವಾದೀತು ಎಂದು ನನ್ನ ನಂಬಿಕೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಬಿದರಿ ಕೆಲಸದ ಹಳೆಯ ಗುಲಾಬದಾನಿ ಇದೆ. ಅದನ್ನು ಅಜ್ಜಿ 'ಪನ್ನೀರದಾನಿ' ಎನ್ನುತ್ತಿದ್ದರು. ಗುಲಾಬಿ ಹೂವು ಇಡದಿದ್ದರೂ ಅದಕ್ಕೆ ಗುಲಾಬದಾನಿ ಎಂದು ಏಕೆ ಹೆಸರು? ಅತ್ತರೂ ಪನ್ನೀರೂ ಒಂದೇ ಏನು? – ಬೀದರ್‌ನ ಓದುಗರು

ಉತ್ತರ: ಫಾರಸಿಯಲ್ಲಿ 'ಗುಲ್' ಎಂದರೆ ಹೂವು, ಮುಖ್ಯವಾಗಿ ಗುಲಾಬಿ ಹೂವು, 'ಆಬ್' ಎಂದರೆ ನೀರು. ಆದ್ದರಿಂದ 'ಗುಲಾಬ್' ಎಂಬುದು ಮೂಲದಲ್ಲಿ ಹೂವಿನ ಹೆಸರಲ್ಲ, ಹೂವಿನಿಂದ ಭಟ್ಟಿ ಇಳಿಸಿದ ನೀರಿನ ಹೆಸರು. ಭಾರತದ ಭಾಷೆಗಳಿಗೆ ಬಂದ ಮೇಲೆ ನೀರಿನ ಹೆಸರು ಹೂವಿಗೇ ಅಂಟಿಕೊಂಡಿತು. ತಮ್ಮ ಮನೆಯ ಗುಲಾಬದಾನಿ ಮಾತ್ರ ಹಳೆಯ ಅರ್ಥವನ್ನು ಬಿಟ್ಟಿಲ್ಲ. ಅಜ್ಜಿಯವರ ಪದ ಇನ್ನೂ ಸೊಗಸಾದದ್ದು: 'ಪನಿ' ಎಂದರೆ ಹನಿ, ಇಬ್ಬನಿ, ಅದಕ್ಕೆ ನೀರು ಸೇರಿ ಪನ್ನೀರು. ಕಂಬನಿಯಲ್ಲಿರುವುದೂ ಇದೇ ಪನಿ.

ಪನ್ನೀರು ಮತ್ತು ಅತ್ತರು ಒಂದೇ ಭಟ್ಟಿಯ ಎರಡು ಫಲಗಳು. ಹೂವಿನ ದಳಗಳನ್ನು ನೀರಿನೊಡನೆ ತಾಮ್ರದ ಹಂಡೆಯಲ್ಲಿ ಕಾಯಿಸಿ, ಆವಿಯನ್ನು ತಣಿಸಿದಾಗ ಸಿಗುವ ಸುಗಂಧದ ನೀರು ಪನ್ನೀರು. ಅದರ ಮೇಲೆ ತೇಲುವ ಎಣ್ಣೆ ಅತ್ತರು. ನೂರ್‌ಜಹಾನಳ ತಾಯಿ ಬಿಸಿ ಪನ್ನೀರನ್ನು ಅಗಲವಾದ ಪಾತ್ರೆಗಳಿಗೆ ಸುರಿದಾಗ ಮೇಲೆ ಕಟ್ಟಿದ ಜಿಡ್ಡನ್ನು ಕಂಡು ಅದನ್ನು ಕೂಡಿಸಿದಳೆಂದು ಬಾದಶಹ ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ಮೆಚ್ಚಿ ಬರೆದಿದ್ದಾನೆ. 1 ಕಿಲೋ ಗುಲಾಬಿ ಎಣ್ಣೆಗೆ ಸುಮಾರು 3,000ದಿಂದ 4,000 ಕಿಲೋ ದಳಗಳು ಬೇಕಾಗುತ್ತವೆ. ಉತ್ತರ ಪ್ರದೇಶದ ಕನೌಜಿನಲ್ಲಿ ಇಂದಿಗೂ ತಾಮ್ರದ 'ದೇಗ್', ಬಿದಿರಿನ ಕೊಳವೆ, ಆವಿ ತಣಿದು ಇಳಿಯುವ 'ಭಪ್ಕಾ' ಎಂಬ ಪಾತ್ರೆಗಳಿಂದಲೇ ಅತ್ತರು ತೆಗೆಯುತ್ತಾರೆ. ಅಲ್ಲಿ ಭಪ್ಕಾದೊಳಗೆ ಮೊದಲೇ ಗಂಧದೆಣ್ಣೆಯನ್ನು ಇಟ್ಟು, ಹೂವಿನ ಆವಿ ಅದರಲ್ಲಿ ಲೀನವಾಗುವಂತೆ ಮಾಡುವುದು ರೂಢಿ. ಮದ್ಯಸಾರದಲ್ಲಿ ಕದಡಿದ ಸೆಂಟು ಬೇಗ ಹಾರಿಹೋದರೆ, ಹತ್ತಿಯ ಎಳೆಯಲ್ಲಿ ಅದ್ದಿ ಕಿವಿಯ ಸಂದಿಯಲ್ಲಿಟ್ಟ ಅತ್ತರು ಮರುದಿನವೂ ನಿಲ್ಲುವುದಕ್ಕೆ ಈ ಗಂಧದೆಣ್ಣೆಯೇ ಕಾರಣ.

ಗುಲಾಬದಾನಿಯನ್ನು ಕುರಿತು ಒಂದು ವಿನಂತಿ. ಬಿದರಿಯ ಮೂಲ ಲೋಹ ಹೆಚ್ಚಿನ ಪ್ರಮಾಣದ ಸತುವಿಗೆ ಸ್ವಲ್ಪ ತಾಮ್ರ ಸೇರಿಸಿದ್ದು. ಬೆಳ್ಳಿಯ ಎಳೆ ಕೂರಿಸಿದ ಮೇಲೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣ ಅದಕ್ಕೆ ಕಪ್ಪು ಬಣ್ಣವನ್ನು ಕೊಡುತ್ತದೆ. ಹೊಳಪಿಗೆಂದು ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಆ ಕಪ್ಪು ಕೆಡುತ್ತದೆ. ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು.

ಪ್ರಶ್ನೆ: ಬೇಸಿಗೆಯಲ್ಲಿ ಕೂಲರಿಗೆ ಹಾಕುವ ಖಸ್ ಮತ್ತು ಪಾಯಸಕ್ಕೆ ಹಾಕುವ ಗಸಗಸೆ ಒಂದೇ ಗಿಡದ್ದೇ? – ಶಹಾಪುರದ ಓದುಗರು

ಉತ್ತರ: ಅಲ್ಲ. ಗಸಗಸೆ ಅಫೀಮಿನ ಗಿಡದ ಬೀಜ. ಖಸ್ ಒಂದು ಹುಲ್ಲಿನ ಬೇರು. ಕನ್ನಡದಲ್ಲಿ ಅದಕ್ಕೆ ಲಾವಂಚ, ಮುಡಿವಾಳ, ಬಾಳದ ಬೇರು ಎಂಬ ಹೆಸರುಗಳಿವೆ, ಸಂಸ್ಕೃತದಲ್ಲಿ ಉಶೀರ. ಹೆಸರುಗಳ ಧ್ವನಿಯ ಹೋಲಿಕೆಯೇ ಈ ಗೊಂದಲಕ್ಕೆ ಕಾರಣ. ಸುಗಂಧದ ಎಣ್ಣೆ ಈ ಹುಲ್ಲಿನ ಬೇರಿನಲ್ಲಿ ಮಾತ್ರ ಇರುವುದರಿಂದ, ನಲವತ್ತು ಡಿಗ್ರಿ ದಾಟುವ ನಮ್ಮ ಮೇ ತಿಂಗಳಲ್ಲಿ ಬೇರಿನ ತಡಿಕೆಗೆ ನೀರು ಚಿಮುಕಿಸಿದಾಗ ತಂಪಿನ ಜೊತೆಗೆ ಕಂಪೂ ಬರುತ್ತದೆ. ಬೇರಿನ ಬಣ್ಣ ಕಂದು. ಖಸ್ ಶರಬತ್ತಿನ ಹಸಿರು ಸೇರಿಸಿದ ಬಣ್ಣ. ಇಂಗ್ಲಿಷಿನ ವೆಟಿವರ್ ತಮಿಳಿನ 'ವೆಟ್ಟಿವೇರ್'ನಿಂದ ಹೋದ ಪದ, ಅದರ ಕೊನೆಯಲ್ಲಿರುವುದು ನಮ್ಮ 'ಬೇರು' ಎಂಬುದೇ.

ಪ್ರಶ್ನೆ: ಖ್ವಾಜಾ ಬಂದೇ ನವಾಜರ ಉರುಸಿನಲ್ಲಿ 'ಸಂದಲ್' ಹೊರಡುತ್ತದೆ. ನಾವು ದೇವರಿಗೆ 'ಗಂಧ' ತೇಯುತ್ತೇವೆ. ಎರಡೂ ಒಂದೇ ಎಂದರೆ ಮನೆಯಲ್ಲಿ ಒಪ್ಪುವುದಿಲ್ಲ. – ಕಲಬುರಗಿಯ ಕಾಲೇಜು ವಿದ್ಯಾರ್ಥಿನಿ

ಉತ್ತರ: ನೀನು ಹೇಳಿದ್ದೇ ಸರಿ, ತಾಯಿ. ವಸ್ತು ಒಂದೇ ಎಂಬುದಿರಲಿ, ಪದಗಳೂ ಸಂಬಂಧಿಗಳೇ. ಸಂಸ್ಕೃತದ ಚಂದನ ಫಾರಸಿಗೂ ಅರಬ್ಬಿಗೂ ಹೋಗಿ 'ಸಂದಲ್' ಆಯಿತು, ಇಂಗ್ಲಿಷಿನ ಸ್ಯಾಂಡಲ್‌ವುಡ್ ಕೂಡ ಅದೇ ದಾರಿಯದ್ದು. 1422ರಲ್ಲಿ ನಿಧನರಾದ ಖ್ವಾಜಾ ಅವರ ಉರುಸಿನಲ್ಲಿ ಮೆಹಬೂಬ್ ಗುಲ್ಶನ್ ಉದ್ಯಾನದಿಂದ ದರ್ಗಾಕ್ಕೆ ಮೆರವಣಿಗೆಯಲ್ಲಿ ಸಾಗುವ ಸಂದಲ್, ನಮ್ಮ ನೆಲದಿಂದ ಹೋಗಿ ಹೆಸರು ಬದಲಿಸಿಕೊಂಡು ಮರಳಿ ಬಂದ ಚಂದನವೇ ಆಗಿದೆ.

ಕನ್ನಡದ 'ಗಂಧ'ದ ವಿಶೇಷವೆಂದರೆ, ವಾಸನೆ ಎಂಬ ಸಾಮಾನ್ಯ ಅರ್ಥದ ಪದ ಒಂದೇ ಮರಕ್ಕೆ ಅಂಕಿತವಾದದ್ದು. ಗಂಧದ ಮರ ಎಂದರೆ ಯಾವ ಗಂಧ ಎಂದು ಯಾರೂ ಕೇಳುವುದಿಲ್ಲ. ಮೈಸೂರು ಸಂಸ್ಥಾನದಲ್ಲಿ 1916ರಲ್ಲಿ ಗಂಧದೆಣ್ಣೆ ತೆಗೆಯುವ ಉದ್ಯಮ ಆರಂಭವಾದದ್ದು ಎಲ್ಲರೂ ಬಲ್ಲ ಸಂಗತಿ. ಅಷ್ಟಾಗಿ ಗಮನಕ್ಕೆ ಬಾರದ್ದು, ಈ ಮರ ಅರೆಪರಾವಲಂಬಿ ಎಂಬುದು. ಅದರ ಬೇರು ಪಕ್ಕದ ಗಿಡದ ಬೇರಿಗೆ ತಗುಲಿ ನೀರನ್ನೂ ಲವಣಗಳನ್ನೂ ಪಡೆಯುತ್ತದೆ. ಎಳೆಯ ಗಂಧದ ಸಸಿಯ ಪಕ್ಕದಲ್ಲಿ ಆಸರೆಗಿಡವಾಗಿ ಬೆಳೆಸಲು ಸಲಹೆ ಮಾಡುವ ಗಿಡಗಳಲ್ಲಿ ನಮ್ಮ ಜಿಲ್ಲೆಯ ತೊಗರಿಯೂ ಒಂದು.

ಪ್ರಶ್ನೆ: ಗುಲ್ಬರ್ಗಾ ಎಂದರೆ ಫಾರಸಿಯಲ್ಲಿ ಹೂವು ಮತ್ತು ಎಲೆ ಎಂದು ಅರ್ಥವಂತೆ, ಹೌದೇ? – ಜೇವರ್ಗಿಯ ಓದುಗರು

ಉತ್ತರ: ಗುಲ್ ಎಂದರೆ ಹೂವು, ಬರ್ಗ್ ಎಂದರೆ ಎಲೆ ಎಂಬುದು ನಿಜ. ಆದರೆ ಊರಿನ ಹೆಸರು ಅಲ್ಲಿಂದ ಹುಟ್ಟಿದ್ದಲ್ಲ. ಕಲಬುರಗಿ ಎಂಬ ಕನ್ನಡದ ಹೆಸರನ್ನೇ ಫಾರಸಿ ಬಲ್ಲವರು ತಮ್ಮ ಕಿವಿಗೆ ಹೊಂದುವಂತೆ ಕೇಳಿಸಿಕೊಂಡು ಹೂವು ಎಲೆಗಳ ಅರ್ಥವನ್ನು ಕೊಟ್ಟರು. 2014ರ ನವೆಂಬರ್ 1ರಿಂದ ಸರ್ಕಾರಿ ದಾಖಲೆಯಲ್ಲಿಯೂ ಕಲಬುರಗಿಯೇ ಆಗಿದೆ.

ಪ್ರಶ್ನೆ: ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ವಾಸನೆಗೆ ಇಂಗ್ಲಿಷಿನಲ್ಲಿ 'ಪೆಟ್ರಿಕಾರ್' ಎಂಬ ಪದವಿದೆ. ಕನ್ನಡದಲ್ಲಿ ಏಕೆ ಇಲ್ಲ? 'ಮಣ್ಗಂಪು' ಎಂದು ನಾನೇ ಬರೆದರೆ ತಪ್ಪಾಗುವುದೇ? – ಯಾದಗಿರಿಯ ವಿದ್ಯಾರ್ಥಿ

ಉತ್ತರ: ಇಂಗ್ಲಿಷಿನ ಆ ಪದ ಜನರ ಬಾಯಲ್ಲಿ ಹುಟ್ಟಿದ್ದಲ್ಲ. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು, ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್, ಗ್ರೀಕಿನ ಕಲ್ಲು ಎಂಬರ್ಥದ ಪದಕ್ಕೆ ದೇವತೆಗಳ ರಕ್ತನಾಳದಲ್ಲಿ ಹರಿಯುವ ದ್ರವದ ಹೆಸರನ್ನು ಸೇರಿಸಿ ಅದನ್ನು ಕಟ್ಟಿದರು. ಒಣಗಾಲದಲ್ಲಿ ಗಿಡಗಳಿಂದ ಬಂದ ಎಣ್ಣೆಯ ಅಂಶಗಳನ್ನು ಮಣ್ಣೂ ಕಲ್ಲೂ ಹೀರಿಕೊಂಡಿರುತ್ತವೆ. ತೇವ ತಾಗಿದಾಗ ಅವು ಹೊರಬೀಳುತ್ತವೆ. ಇವುಗಳ ಜೊತೆಗೆ ಮಣ್ಣಿನ ಸೂಕ್ಷ್ಮಾಣುಜೀವಿಗಳು ಉಂಟುಮಾಡುವ 'ಜಿಯೋಸ್ಮಿನ್' ಎಂಬ ವಸ್ತುವೂ ಸೇರಿರುತ್ತದೆ. ಈ ಎರಡನೆಯ ಹೆಸರಿಗೆ ಗ್ರೀಕಿನಲ್ಲಿ ಮಣ್ಣಿನ ವಾಸನೆ ಎಂದೇ ಅರ್ಥ, ಅಂದರೆ ನಮ್ಮ ರೈತರು ಹೇಳುವ ಮಾತೇ. ಮನುಷ್ಯನ ಮೂಗು ಇದನ್ನು ಅತ್ಯಂತ ಸಣ್ಣ ಪ್ರಮಾಣದಲ್ಲಿಯೂ ಗುರುತಿಸುತ್ತದೆ.

ಕನೌಜಿನವರು ಈ ವಾಸನೆಗೆ ಹೆಸರು ಕೊಟ್ಟು ಸುಮ್ಮನಾಗದೆ ಅದನ್ನು ಶೀಶೆಯಲ್ಲಿಯೇ ಹಿಡಿದಿದ್ದಾರೆ. ಬೇಸಿಗೆಯಲ್ಲಿ ಒಣಗಿದ ನೆಲದ ಮೇಲ್ಮಣ್ಣನ್ನು ಬಿಲ್ಲೆಗಳಾಗಿ ತಟ್ಟಿ, ಸುಟ್ಟು, ಹೂವಿನಂತೆಯೇ ದೇಗಿನಲ್ಲಿ ಭಟ್ಟಿ ಇಳಿಸಿ ಗಂಧದೆಣ್ಣೆಗೆ ಹತ್ತಿಸುತ್ತಾರೆ. ಅದು 'ಮಿಟ್ಟಿ ಅತ್ತರ್'.

ಇನ್ನು ನಿನ್ನ ಪದ. 'ತಣ್' ಎಂಬುದಕ್ಕೆ 'ಕದಿರ್' ಸೇರಿ ತಣ್ಗದಿರ್ ಆಗುವಂತೆ, 'ಮಣ್' ಎಂಬುದಕ್ಕೆ 'ಕಂಪು' ಸೇರಿದರೆ ಮಣ್ಗಂಪು ಆಗುತ್ತದೆ. ವ್ಯಾಕರಣದಲ್ಲಿ ಎಳ್ಳಷ್ಟೂ ದೋಷವಿಲ್ಲ, ನಾಲಿಗೆಗೂ ಹಗುರ. ಇದರ ಮುಂದೆ ಪೆಟ್ರಿಕಾರ್ ಎಂದು ಆವರಣ ಹಾಕಿ ವಿವರಣೆ ಕೊಡಬೇಡ. ಯಾದಗಿರಿಯ ಎರೆಹೊಲದ ಬದುವಿನಲ್ಲಿ ಮಿರಗದ ಮಳೆಗೆ ಕಾದು ನಿಂತವರಿಗೆ ಆ ವಿವರಣೆಯ ಅಗತ್ಯ ಬೀಳುವುದಿಲ್ಲ. ಬರೆದ ಮೇಲೆ ನಮಗೊಂದು ಪ್ರತಿ ಕಳುಹಿಸು.